ತೇಲಿದ ಸೂಜಿ, ಕಳೆದ ಹುಂಜ

ಇಷ್ಟಕ್ಕೆಲ್ಲ ಕಾರಣ ಒಂದು ಸೂಜಿ. ಅದರಲ್ಲಿ ಅಂಗಿಯ ಗುಂಡಿ ಹಚ್ಚಿಕೊಂಡಿದ್ದರೆ ಬೈಲಪ್ಪ ಮೇಷ್ಟ್ರಿಗೆ ಯಾವ ತಾಪತ್ರಯವೂ ಇರುತ್ತಿರಲಿಲ್ಲ. ಅವರು ಅದನ್ನು ನೀರಿನ ಮೇಲೆ ತೇಲಿಸಲು ಹೋದರು.

ಬೈಲಪ್ಪ ಮೇಷ್ಟ್ರು ನ್ಯಾಮತಿಯಲ್ಲಿ ಕನ್ನಡ ಪಂಡಿತರು. ವಿಜ್ಞಾನದ ಮೇಷ್ಟ್ರು ಮೂರು ತಿಂಗಳ ತರಬೇತಿಗೆಂದು ಶಿವಮೊಗ್ಗಕ್ಕೆ ಹೋದಾಗ ಹೆಡ್‌ಮಾಸ್ಟರು, "ಪುಸ್ತಕ ಕನ್ನಡದಾಗೇ ಐತಲ್ರೀ, ಓದಿ ಹೇಳಾಕೆ ನಿಮಗೇನು ಕಷ್ಟ?" ಎಂದು ಎಂಟನೇ ಕ್ಲಾಸಿನ ವಿಜ್ಞಾನವನ್ನು ಇವರ ತಲೆಗೆ ಕಟ್ಟಿದ್ದರು. ಓದಿ ಹೇಳುವುದೇನೂ ಕಷ್ಟವಾಗಲಿಲ್ಲ. ಮಾಡಿ ತೋರಿಸುವುದೇ ಕಷ್ಟ. ಹಿಂದಿನ ವಾರ ಉರಿಯುವ ಮೇಣದಬತ್ತಿಯ ಮೇಲೆ ಗಾಜಿನ ಲೋಟ ಬೋರಲು ಹಾಕಿ, "ಗಾಳಿ ಇಲ್ಲದ್ದರಿಂದ ಈಗ ಆರುತ್ತದೆ, ನೋಡಿ" ಎಂದರು. ಲೋಟ ಒಡೆಯಿತು, ಬತ್ತಿ ಉರಿಯುತ್ತಲೇ ಇತ್ತು. ಮಕ್ಕಳು ಮೂರು ದಿನ ನಕ್ಕರು. ಸೋಮವಾರದ ಪಾಠ 'ನೀರಿನ ಮೇಲ್ಮೈ ಎಳೆತ'. ಈ ಸಲ ಮನೆಯಲ್ಲೇ ಮಾಡಿ ಕೈ ಪಳಗಿಸಿಕೊಂಡು ಹೋಗೋಣವೆಂದು ಭಾನುವಾರ ಬೆಳಿಗ್ಗೆ ಮೇಷ್ಟ್ರು ಪಂಚೆ ಎತ್ತಿ ಕಟ್ಟಿದರು.

ಆ ಭಾನುವಾರ ಅವರ ತಲೆಯ ಮೇಲೆ ಇನ್ನೊಂದು ಭಾರವೂ ಇತ್ತು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ನ್ಯಾಮತಿಯಲ್ಲಿ ಬಾಡಿಗೆ ಮನೆ ಹುಡುಕಿದವರಲ್ಲ. ಹುಡುಕಿದ್ದರೆ ಗಾದೆಯಲ್ಲಿ ಅದೇ ಮೊದಲು ಬರುತ್ತಿತ್ತು. ಮೇಷ್ಟ್ರು ಒಂದು ವರ್ಷ ಹಿಟ್ಟಿನ ಗಿರಣಿಯ ಹಿಂದಿನ ಕೋಣೆಯಲ್ಲಿದ್ದು, ತಲೆಗೂದಲು ಮೂವತ್ತಕ್ಕೇ ಬೆಳ್ಳಗಾಯಿತೆಂದು ಊರವರಿಂದ ಕನಿಕರ ಪಡೆದವರು. ಆಮೇಲೆ ಸಿಕ್ಕಿದ್ದು ಶಿವಗಂಗಮ್ಮನವರ ಈ ಮನೆ. ಅಂಗಳದಲ್ಲೇ ನಲ್ಲಿ. ಶಾಲೆ ಐದು ನಿಮಿಷ. ಕರಾರು ಹನ್ನೊಂದು ತಿಂಗಳದ್ದು, ಶರತ್ತು ಒಂದೇ: "ನೀವು ಮಾಂಸ ತಿನ್ನೋ ಜನ, ನಾವು ಲಿಂಗ ಕಟ್ಟಿದೋರು. ಹೊರಗೆ ಏನರ ತಿನ್ರಿ, ನಾ ಕೇಳಾಕೆ ಬರಲ್ಲ. ನನ್ನ ಮನಿಯೊಳಗೆ ಮಾತ್ರ ಒಂದು ಕೋಳಿ ಪುಕ್ಕ ಸೈತ ಬರಂಗಿಲ್ಲ."

ಹನ್ನೊಂದು ತಿಂಗಳು ಮೇಷ್ಟ್ರು ಕೋಳಿಯ ಚಿತ್ರವಿದ್ದ ಬೆಂಕಿಪೊಟ್ಟಣವನ್ನೂ ಮನೆಗೆ ತರಲಿಲ್ಲ. ಕರಾರು ಇವತ್ತಿಗೆ ಮುಗಿಯುತ್ತಿತ್ತು. ಸಂಜೆ ಬಂದು ಮುಂದಿನ ಮಾತು ಹೇಳುತ್ತೇನೆಂದು ಶಿವಗಂಗಮ್ಮ ತಿಳಿಸಿದ್ದರು. ಬುಧವಾರದ ಬಸ್ಸಿಗೆ ಹೆಂಡತಿ ದುರುಗಮ್ಮ ಬಾಣಂತನ ಮುಗಿಸಿ, ಐದು ತಿಂಗಳ ಮಗನನ್ನು ಎತ್ತಿಕೊಂಡು ಜಗಳೂರಿನಿಂದ ಬರುವವಳಿದ್ದಳು. ಮಗನನ್ನು ಮೇಷ್ಟ್ರು ನೋಡಿದ್ದು ಎರಡೇ ಸಲ. ಕೂಸನ್ನು ಗಿರಣಿಯ ಹಿಟ್ಟಿನ ಧೂಳಿಗೆ ಕರೆದುಕೊಂಡು ಹೋಗುವಂತಿರಲಿಲ್ಲ.

ಮನೆ ರೈಲಿನ ಡಬ್ಬಿಯ ಹಾಗೆ ಉದ್ದಕ್ಕೆ ಇತ್ತು. ಮುಂಬಾಗಿಲು ತೆರೆದರೆ ಅಂಗಳ, ಅಂಗಳದಾಚೆ ಎದುರಿಗೇ ಶಿವಗಂಗಮ್ಮನವರ ದೊಡ್ಡ ಮನೆ. ಇತ್ತ ನಡುಮನೆ, ಅದರ ಹಿಂದೆ ಅಡುಗೆಮನೆ, ಅದರ ಹಿಂದೆ ಹಿತ್ತಲು, ಹಿತ್ತಲಲ್ಲಿ ಕಿಟಕಿಯಿಲ್ಲದ ಒಂದು ಬಚ್ಚಲು. ಎಲ್ಲ ಒಂದೇ ಗೆರೆಯಲ್ಲಿ.

ಮೊದಲ ಪ್ರಯೋಗ ಲೋಟದ್ದು. ಕಂಠಮಟ್ಟ ತುಂಬಿದ ಲೋಟಕ್ಕೆ ಗುಂಡುಸೂಜಿ ಹಾಕುತ್ತ ಹೋದರೂ ನೀರು ಚೆಲ್ಲದೆ ಮೇಲಕ್ಕೆ ಉಬ್ಬಿ ನಿಲ್ಲುತ್ತದೆಂದು ಪುಸ್ತಕ ಹೇಳಿತ್ತು. ಮನೆಯಲ್ಲಿ ಗುಂಡುಸೂಜಿ ಇರಲಿಲ್ಲ, ಜೋಳ ಇತ್ತು. ಮೇಷ್ಟ್ರು ಒಂದೊಂದೇ ಕಾಳು ಬಿಟ್ಟರು. ಹತ್ತು, ಇಪ್ಪತ್ತು, ನಲವತ್ತು. ನೀರು ಲೋಟದ ಬಾಯಿಗಿಂತ ಮೇಲೆ ಹೊಟ್ಟೆ ಉಬ್ಬಿಸಿಕೊಂಡು ನಿಂತಿತೇ ಹೊರತು ಚೆಲ್ಲಲಿಲ್ಲ. ಅರವತ್ತಮೂರನೇ ಕಾಳಿಗೆ ಅದರ ತಾಳ್ಮೆ ಕೆಟ್ಟಿತು. ಮೇಷ್ಟ್ರಿಗೆ ಖುಷಿಯೋ ಖುಷಿ. ಇನ್ನೆರಡು ಸಲ ಮಾಡಿ, ಕಾಳು ನೀರು ಎರಡನ್ನೂ ಬಚ್ಚಲಿಗೆ ಎರಚಿ ಬಂದರು.

ಎರಡನೆಯದು ಸೂಜಿಯದು. ದುರುಗಮ್ಮ ಊರಿಗೆ ಹೋಗುವಾಗ, ಕೈಗೆ ಸಿಗದೆ ಕಳೆದುಹೋಗಬಾರದೆಂದು ಸೂಜಿಗಳನ್ನೆಲ್ಲ ಕೆಟ್ಟ ರೇಡಿಯೋದ ಹಿಂಭಾಗದ ಅಯಸ್ಕಾಂತಕ್ಕೆ ಅಂಟಿಸಿ ಹೋಗಿದ್ದಳು. ಅದರಿಂದ ಒಂದನ್ನು ಕಿತ್ತು ತಂದು, ಹಿತ್ತಾಳೆಯ ಅಗಲ ಬೋಗುಣಿಯಲ್ಲಿ ನೀರು ತುಂಬಿ ನಡುಮನೆಯಲ್ಲಿಟ್ಟು, ಶಾಯಿ ಹೀರುವ ಕಾಗದದ ತುಣುಕಿನ ಮೇಲೆ ಸೂಜಿ ಮಲಗಿಸಿ ನೀರಿಗೆ ಬಿಟ್ಟರು. ಕಾಗದ ನೆನೆದು ಮುಳುಗಬೇಕು, ಸೂಜಿ ಉಳಿಯಬೇಕು. ಕಾಗದ ಮುಳುಗಿತು. ಅಷ್ಟರಲ್ಲಿ ಹಿತ್ತಲ ಗಾಳಿಗೆ ಬಚ್ಚಲ ಬಾಗಿಲು ದಡಾರನೆ ಬಡಿಯಿತು, ನೀರು ನಡುಗಿತು, ಸೂಜಿಯೂ ಕಾಗದದ ಹಿಂದೆಯೇ ಹೋಯಿತು. ಐದು ಸಲ ಹೀಗೇ ಆಯಿತು. ಆರನೇ ಸಲಕ್ಕೆ ಮೇಷ್ಟ್ರು ಸಿಟ್ಟಿನಿಂದೆದ್ದು ಹಿತ್ತಲಿಗೆ ಹೋಗಿ, ಬಚ್ಚಲ ಬಾಗಿಲನ್ನು ಎಳೆದು ಚಿಲಕ ಜಡಿದು ಬಂದರು.

ಈ ಸಲ ಸೂಜಿ ತೇಲಿತು. ಹಾಸಿಗೆಯ ಮೇಲೆ ಮಲಗಿದ ಬೀಗರ ಹಾಗೆ, ಸುತ್ತ ನೀರು ಒಂಚೂರು ಕುಸಿದು, ಸೂಜಿ ಆರಾಮವಾಗಿ ಮಲಗಿತ್ತು.

"ತೇಲಿತು!" ಎಂದು ಮೇಷ್ಟ್ರು ಒಬ್ಬರೇ ಕೂಗಿದರು.

"ಏನು ತೇಲ್ತು ಮೇಷ್ಟ್ರೇ?" ಎಂದು ಬಾಗಿಲಲ್ಲಿ ತಲೆ ಹಾಕಿದವಳು ಪಕ್ಕದ ಮನೆಯ ಲಕ್ಷ್ಮಕ್ಕ. ಮುಖ ಬಾಡಿತ್ತು. "ನಮ್ಮ ಕೆಂಪ ಈ ಕಡೆ ಏನರ ಬಂದ್ನಾ?"

"ಯಾವ ಕೆಂಪ?"

"ಹುಂಜ ಕಣ್ರೀ! ಚೌಡಮ್ಮಗೆ ಬಿಟ್ಟ ಹುಂಜ. ಮಂಗಳವಾರ ಹರಕೆ ತೀರ್ಸಬೇಕು, ಬೆಳಗಿಂದ ಕಾಣವಲ್ದು. ಅಮ್ಮನ ಪಾಲು ಕಳಕೊಂಡು ನಾ ಉಳೀತೀನಾ?"

"ಮೆಲ್ಲಗೆ ಲಕ್ಷ್ಮಕ್ಕ, ನೀವು ಕೂಗಿದ್ರೆ ಮುಳುಗಿಬಿಡ್ತೈತೆ."

ಲಕ್ಷ್ಮಕ್ಕ ಬಗ್ಗಿ ಬೋಗುಣಿ ನೋಡಿದಳು. ಎರಡು ಕೈಯೂ ಕೆನ್ನೆಗೆ ಹೋದವು. "ಅಯ್ಯೋ ನಮ್ಮವ್ವ, ಕಬ್ಬಿಣ ನೀರ ಮ್ಯಾಲೆ ನಿಂತೈತೆ! ಅಂಜನ ಹಾಕೀರೇನ್ರೀ?"

ಅಂಜನವೆಂದರೆ ಕಳುವಾದದ್ದನ್ನು ಕಂಡುಹಿಡಿಯುವ ವಿದ್ಯೆ. ವೀಳ್ಯದೆಲೆಗೆ ಕಪ್ಪು ಹಚ್ಚಿ ಅದರಲ್ಲಿ ಕಳ್ಳನ ಮುಖ ತೋರಿಸುವವರು ಸುತ್ತಿನ ಹಳ್ಳಿಗಳಲ್ಲಿ ಇದ್ದರು. ಮೇಷ್ಟ್ರು ಗಾಬರಿಯಾಗಿ, "ಅಂಜನ ಅಲ್ಲ ಲಕ್ಷ್ಮಕ್ಕ. ನೀರಿನ ಮೇಲೆ ಒಂದು ಚರ್ಮ ಇದ್ದಂಗೆ ಇರ್ತೈತೆ. ಸೂಜಿ ಅದರ ಮೇಲೆ..." ಎಂದರು.

ನೀರಿಗೆ ಚರ್ಮ ಎಂಬ ಮಾತು ಕೇಳಿದ ಮೇಲೆ ಲಕ್ಷ್ಮಕ್ಕನಿಗೆ ಯಾವ ಸಂಶಯವೂ ಉಳಿಯಲಿಲ್ಲ. ಇಷ್ಟು ದಿನ ಮೇಷ್ಟ್ರು ತಮ್ಮ ವಿದ್ಯೆ ಮುಚ್ಚಿಟ್ಟುಕೊಂಡಿದ್ದರು, ಅಷ್ಟೇ. ಆಕೆ ಸೆರಗು ಹೊದ್ದು ಬೋಗುಣಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕೈಮುಗಿದಳು. "ನನ್ನ ಕೆಂಪ ಎಲ್ಲೈತೆ ಹೇಳವ್ವ ತಾಯಿ."

ಸೂಜಿ ಮೆಲ್ಲನೆ ತಿರುಗಿತು. ತಿರುಗಿ ತಿರುಗಿ, ಮೊನೆಯನ್ನು ಮುಂಬಾಗಿಲ ಕಡೆಗೆ ಮಾಡಿ ನಿಂತಿತು. ಬಾಗಿಲ ಆಚೆ ಅಂಗಳ. ಅಂಗಳದ ಆಚೆ ಶಿವಗಂಗಮ್ಮನವರ ಮನೆ.

ಮೇಷ್ಟ್ರು ಗಡಿಬಿಡಿಯಿಂದ, "ಛೇ ಛೇ, ಗಾಳಿಗೆ ತಿರುಗೈತೆ. ನೋಡ್ರಿ ಬೇಕಾದ್ರೆ" ಎನ್ನುತ್ತ ಬೋಗುಣಿಯನ್ನೇ ಮೆಲ್ಲಗೆ ಅರ್ಧ ಸುತ್ತು ತಿರುಗಿಸಿದರು. ಸೂಜಿ ಬೋಗುಣಿಯ ಜೊತೆ ಒಂದಿಷ್ಟು ಹೋದಂತೆ ಮಾಡಿ, ಮರಳಿ ಬಂದು ಅದೇ ಮನೆಗೆ ಮುಖ ಮಾಡಿತು. ಇನ್ನೊಮ್ಮೆ ತಿರುಗಿಸಿದರು. ಮತ್ತೂ ಅಲ್ಲೇ. ಪುಸ್ತಕದಲ್ಲಿ ತೇಲುತ್ತದೆ ಎಂದಿತ್ತೇ ವಿನಾ ಹೀಗೆ ಬೆರಳು ಮಾಡಿ ತೋರಿಸುತ್ತದೆ ಎಂದಿರಲಿಲ್ಲ. ಸ್ವತಃ ಮೇಷ್ಟ್ರಿಗೇ ಮೈ ಜುಮ್ಮೆಂದಿತು.

"ಮೂರು ಸಲ ಕೇಳಿದ್ರೂ ಒಂದೇ ಹೇಳಿಕೆ!" ಎಂಬ ಧ್ವನಿ ಕಿಟಕಿಯಿಂದ ಬಂತು. ಅದು ಪಾಪಣ್ಣನವರದು. ಅವರು ಹೊನ್ನಾಳಿ ಕೋರ್ಟಿನಲ್ಲಿ ಅಮೀನರಾಗಿ ಮೂವತ್ತು ವರ್ಷ ಜನರ ಬಾಗಿಲಿಗೆ ನೋಟೀಸು ಅಂಟಿಸಿ ನಿವೃತ್ತರಾದವರು. ಈಗ ಅಂಟಿಸಲು ನೋಟೀಸಿಲ್ಲದ್ದರಿಂದ ಬರಿಗೈಯಲ್ಲೇ ಎಲ್ಲರ ಬಾಗಿಲಿಗೆ ಹೋಗುತ್ತಿದ್ದರು. "ಕೋರ್ಟ್ನಾಗೆ ಇಷ್ಟು ಗಟ್ಟಿ ಸಾಕ್ಷಿ ನಾ ನೋಡಿಲ್ಲ ಬಿಡ್ರಿ. ಎರಡನೇ ಸಲಕ್ಕೇ ಎಲ್ರೂ ಮಾತು ತಿರುಗಿಸ್ತಾರೆ."

"ಪಾಪಣ್ಣೋರೇ, ನೀವಾದ್ರೂ ಹೇಳ್ರಿ. ಶಿವಗಂಗಮ್ಮೋರು ಕೋಳಿ ಮುಟ್ತಾರಾ?" ಎಂದರು ಮೇಷ್ಟ್ರು.

"ನಾನೆಲ್ಲಿ ಹಂಗಂದೆ? ಸೂಜಿ ಅಂತೈತೆ."

ಕಿಟಕಿಯಲ್ಲಿ ಪಾಪಣ್ಣ ನಿಂತರೆಂದರೆ ಅಲ್ಲೇನೋ ಇದೆಯೆಂದು ಓಣಿಗೆಲ್ಲ ಗೊತ್ತು. ಹತ್ತು ನಿಮಿಷದಲ್ಲಿ ಬಾಗಿಲು ತುಂಬ ಜನ. ಈ ಸುದ್ದಿ ಅಂಗಳ ದಾಟಿದರೆ ತಮ್ಮ ಟ್ರಂಕು ಗಿರಣಿಯ ದಾರಿ ಹಿಡಿಯುತ್ತದೆಂದು ಮೇಷ್ಟ್ರಿಗೆ ಖಾತ್ರಿಯಾಯಿತು. ಆಗ ಅವರಿಗೆ ಪಾಠದ ಕೊನೆಯ ಪ್ಯಾರಾ ನೆನಪಾಯಿತು: ನೀರಿಗೆ ಸೋಪು ತಾಗಿದರೆ ಮೇಲ್ಮೈ ಎಳೆತ ಸಡಿಲವಾಗುತ್ತದೆ. ಸೂಜಿ ಮುಳುಗಿದರೆ ಅಂಜನವೂ ಮುಳುಗಿತು! ಮೇಷ್ಟ್ರು ಓಡಿಹೋಗಿ ಬಟ್ಟೆ ಸೋಪಿಗೆ ಬೆರಳು ಉಜ್ಜಿಕೊಂಡು ಬಂದು, "ನೋಡ್ರಿ ಎಲ್ಲಾರೂ, ಇದರಾಗೆ ಮಾಯೆ ಮಂತ್ರ ಏನೂ ಇಲ್ಲ" ಎಂದು ಬೆರಳ ತುದಿಯನ್ನು ನೀರಿಗೆ ಮುಟ್ಟಿಸಿದರು.

ಸೂಜಿ ಒಮ್ಮೆ ಬೆಚ್ಚಿ ಸರಿದು, ಸದ್ದಿಲ್ಲದೆ ತಳಕ್ಕೆ ಹೋಯಿತು.

ಲಕ್ಷ್ಮಕ್ಕ ಎದೆ ಬಡಿದುಕೊಂಡಳು. "ಮುಳುಗಿಹೋತಲ್ಲಪ್ಪೋ! ನನ್ನ ಕೆಂಪನ್ನ ಮುಗಿಸೇಬಿಟ್ರಲ್ಲಪ್ಪೋ!"

"ಜೀವ ಇರೋತನಕ ತೇಲ್ತು" ಎಂದು ಪಾಪಣ್ಣ ಗಂಭೀರವಾಗಿ ತಲೆದೂಗಿದರು. "ಈಗ ಸಾರು ಕುದೀತಿರ್ಬೇಕು."

ಆ ಅಳು ಅಂಗಳ ದಾಟಿತು. ಎದುರು ಮನೆಯ ಬಾಗಿಲು ತೆರೆಯಿತು. ಹಣೆ ತುಂಬ ವಿಭೂತಿ, ಸೊಂಟದಲ್ಲಿ ಬೀಗದ ಕೈ ಗೊಂಚಲು, ಶಿವಗಂಗಮ್ಮ ಬಂದರು. ಜನ ದಾರಿ ಬಿಟ್ಟು ಎರಡು ಪಾಲಾದರು. ಎಲ್ಲರೂ ಅವರ ಮುಖ ನೋಡಿದರು, ಮೂಗಿದ್ದವರು ಸಣ್ಣಗೆ ಗಾಳಿಯನ್ನೂ ಮೂಸಿದರು.

"ಏನ್ರೀ ಅದು?"

"ಏನಿಲ್ಲ ಅಮ್ಮಾರೇ" ಎಂದರು ಪಾಪಣ್ಣ. "ನಿಮ್ಮನಿಯಾಗೆ ಕೋಳಿ ಐತೆ ಅಂತ ಮೇಷ್ಟ್ರ ಸೂಜಿ ಹೇಳೈತೆ."

ಶಿವಗಂಗಮ್ಮನವರಿಗೆ ಮಾತು ಹೊರಡಲು ಸ್ವಲ್ಪ ಹೊತ್ತು ಹಿಡಿಯಿತು. ಹೊರಟ ಮೇಲೆ ನಿಲ್ಲಲು ಇನ್ನೂ ಹೆಚ್ಚು ಹೊತ್ತು ಹಿಡಿಯಿತು. "ಬೆಳ್ಳುಳ್ಳಿ ಒಗ್ಗರಣೆ ಹಾಕಾಕೂ ವಾರ ನೋಡೋ ಮನಿ ನಂದು! ನನ್ನ ಮನಿಯಾಗೆ ಕೋಳಿ! ಬರ್ರಿ, ಎಲ್ಲಾರೂ ಬರ್ರಿ, ಮೂಲೆಮೂಲೆ ಹುಡುಕ್ರಿ. ಸಿಗಲಿಲ್ಲ ಅಂದ್ರೆ, ಮೇಷ್ಟ್ರೇ, ನಿಮ್ಮ ಸಾಮಾನು ಸಂಜೆಯೊಳಗೆ ಬೀದ್ಯಾಗಿರ್ತೈತೆ!"

ಮೇಷ್ಟ್ರ ಪಾಡು ಯಾರಿಗೂ ಬೇಡ. ಹುಂಜ ಸಿಗದಿದ್ದರೆ ಮನೆ ಹೋಯಿತು. ಸಿಕ್ಕಿದರೆ ಮನೆಯೊಡತಿಯ ಮಾನ ಹೋಯಿತು, ಅದರ ಹಿಂದೆ ಮನೆಯೂ ಹೋಯಿತು. ಏನಾಗಲೆಂದು ದೇವರನ್ನು ಬೇಡಬೇಕೋ ತಿಳಿಯದೆ ಅವರು ಬೋಗುಣಿಯ ಮುಂದೆ ಕೂತರು.

ಪಾಪಣ್ಣನವರ ಮುಂದಾಳುತನದಲ್ಲಿ ಮಹಜರು ನಡೆಯಿತು. ಅಟ್ಟ, ಕಣಜ, ನೆಲದಡಿಯ ಹಗೇವು, ದನದ ಕೊಟ್ಟಿಗೆ ಯಾವುದನ್ನೂ ಬಿಡಲಿಲ್ಲ. ಸಿಕ್ಕಿದ್ದು ಎರಡು ವರ್ಷದ ಹಿಂದೆ ಕಳೆದಿದ್ದ ಪಾಪಣ್ಣನವರದೇ ಒಂದು ಕೊಡೆ. ಅದನ್ನು ಯಾರು ತಂದರು, ಯಾವಾಗ ತಂದರು ಎಂಬ ಪ್ರಶ್ನೆಯನ್ನು ಪಾಪಣ್ಣನವರಾಗಲಿ ಶಿವಗಂಗಮ್ಮನವರಾಗಲಿ ಎತ್ತಲಿಲ್ಲ. ಕೋಳಿಯ ಸುಳಿವು ಮಾತ್ರ ಇಲ್ಲ.

ಅವರೆಲ್ಲ ಮರಳಿ ಬರುವಷ್ಟರಲ್ಲಿ ಮೇಷ್ಟ್ರ ಕಣ್ಣು ಮೂಲೆಯ ರೇಡಿಯೋದ ಮೇಲೆ ಬಿದ್ದಿತ್ತು. ಅಯಸ್ಕಾಂತ! ಎಂಟು ತಿಂಗಳು ಅದಕ್ಕೆ ಅಂಟಿಕೊಂಡಿದ್ದ ಸೂಜಿ! ಮುಂದಿನ ಪಾಠವೇ ಅದು, ಅವರು ಇನ್ನೂ ಓದಿರಲಿಲ್ಲ, ಚಿತ್ರ ಮಾತ್ರ ನೋಡಿದ್ದರು.

"ಅಮ್ಮಾರೇ, ಸಾಮಾನು ಆಮೇಲೆ ಹಾಕ್ರಿ, ಒಂದೇ ಮಾತು ಕೇಳ್ರಿ" ಎಂದು ಮೇಷ್ಟ್ರು ಅಡ್ಡ ಬಂದರು. "ಈ ಸೂಜಿಗೆ ಕೋಳಿ ಗೊತ್ತಿಲ್ಲ, ಕಳ್ಳರು ಗೊತ್ತಿಲ್ಲ. ಅದಕ್ಕೆ ಗೊತ್ತಿರೋದು ಉತ್ತರ ದಿಕ್ಕು ಒಂದೇ. ನಿಮ್ಮನಿ ಉತ್ತರಕ್ಕೈತೆ, ಅದೇ ಆಗಿದ್ದು ತಪ್ಪು."

ಶಿವಗಂಗಮ್ಮ ಹುಬ್ಬು ಗಂಟಿಕ್ಕಿದರು. "ನಮ್ಮ ಯಜಮಾನ್ರು ಈ ಮನಿಗೆ ಪಾಯ ಹಾಕ್ಸುವಾಗ ದಾವಣಗೆರೆಯಿಂದ ದಿಕ್ಕು ನೋಡೋ ಡಬ್ಬಿ ತರ್ಸಿದ್ರು. ಅದರಾಗೂ ಒಂದು ಮುಳ್ಳು ಹಿಂಗೇ ನಿಲ್ತಿತ್ತು."

"ಅದೇ ಅಮ್ಮಾರೇ, ಅದೇ! ತರ್ರಿ!"

ಡಬ್ಬಿ ಬಂತು. ಮೇಷ್ಟ್ರು ಬೋಗುಣಿಯನ್ನು ಬೂದಿಯಲ್ಲಿ ಉಜ್ಜಿ, ಸೋಪಿನ ಸೋಂಕು ಉಳಿಯದಂತೆ ನಾಲ್ಕು ಸಲ ತೊಳೆದು, ಹೊಸ ನೀರು ತುಂಬಿ, ರೇಡಿಯೋದಿಂದ ಇನ್ನೊಂದು ಸೂಜಿ ಕಿತ್ತು ಕಾಗದದ ಮೇಲೆ ಮಲಗಿಸಿ ಬಿಟ್ಟರು. ಓಣಿಯೇ ಉಸಿರು ಹಿಡಿದು ನೋಡಿತು. ಕಾಗದ ಮುಳುಗಿತು, ಸೂಜಿ ತೇಲಿತು, ತಿರುಗಿತು, ನಿಂತಿತು. ಡಬ್ಬಿಯ ಕೆಂಪು ಮುಳ್ಳೂ ಅತ್ತಲೇ, ಸೂಜಿಯ ಮೊನೆಯೂ ಅತ್ತಲೇ. ಶಿವಗಂಗಮ್ಮ ಡಬ್ಬಿ ತಿರುಗಿಸಿದರು, ಮೇಷ್ಟ್ರು ಬೋಗುಣಿ ತಿರುಗಿಸಿದರು. ಎರಡೂ ಅಣ್ಣತಮ್ಮಂದಿರ ಹಾಗೆ ಒಂದೇ ಕಡೆ ಮುಖ ಮಾಡಿದವು. ಮೇಷ್ಟ್ರು ನೀರಿನ ಚರ್ಮ, ಸೋಪಿನ ಗುಣ, ಅಯಸ್ಕಾಂತದ ಸೆಳೆತ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. ಅಷ್ಟು ಚೆನ್ನಾಗಿ ಅವರು ಎಂದೂ ಪಾಠ ಮಾಡಿರಲಿಲ್ಲ.

"ಅಂದ್ರೆ ನಮ್ಮ ಯಜಮಾನ್ರ ಡಬ್ಬಿ ಸೈತ ನನ್ನೇ ಕೋಳಿಕಳ್ಳಿ ಅಂತೈತಾ?" ಎಂದು ಶಿವಗಂಗಮ್ಮ ಮೊದಲ ಸಲ ನಕ್ಕರು. ಅವರು ನಕ್ಕದ್ದರಿಂದ ಎಲ್ಲರೂ ನಕ್ಕರು. ಪಾಪಣ್ಣ, "ನಂಗೆ ಮೊದ್ಲೇ ಅನುಮಾನ ಇತ್ತು" ಎಂದರು. ಮೇಷ್ಟ್ರಿಗೆ ಕಣ್ಣಲ್ಲಿ ನೀರೇ ಬಂತು. ತಾನು ಹೇಳಿದ ವಿಜ್ಞಾನ ಒಬ್ಬರಿಗಾದರೂ ಅರ್ಥವಾಯಿತಲ್ಲ ಎಂಬ ಸಂತೋಷ ಒಂದು ಕಡೆ, ಮನೆ ಉಳಿಯಿತಲ್ಲ ಎಂಬ ಸಂತೋಷ ಇನ್ನೊಂದು ಕಡೆ.

"ನೀವು ಒಳ್ಳೇರದೀರಿ ಮೇಷ್ಟ್ರೇ, ಒಂಚೂರು ಪೆದ್ದು, ಅಷ್ಟೇ" ಎಂದರು ಶಿವಗಂಗಮ್ಮ. "ಇನ್ನ ಹನ್ನೊಂದು ತಿಂಗ್ಳು ಇರ್ರಿ. ಹೆಂಡ್ತಿ ಮಗನ್ನ ಕರ್ಸಿಕೊಳ್ರಿ. ಹೆಂಗೂ ಬಂದೀನಿ, ಕರಾರು ಬರೆಯೋ ಮುಂಚೆ ಮನಿ ಹೆಂಗಿಟ್ಟೀರಿ ಒಂದ್ಸಲ ನೋಡಿಬಿಡ್ತೀನಿ."

"ನೋಡ್ರಿ ಅಮ್ಮಾರೇ, ಧಾರಾಳವಾಗಿ ನೋಡ್ರಿ!" ಎಂದು ಮೇಷ್ಟ್ರು ಎದೆಯುಬ್ಬಿಸಿ ಮುಂದೆ ನಡೆದರು.

ಶಿವಗಂಗಮ್ಮ ಡಬ್ಬಿಯನ್ನು ಅಂಗೈಯಲ್ಲೇ ಹಿಡಿದು ಹಿಂದೆ ಬಂದರು. ಅವರ ಹಿಂದೆ ಪಾಪಣ್ಣ, ಮೂಗು ಒರೆಸಿಕೊಳ್ಳುತ್ತ ಲಕ್ಷ್ಮಕ್ಕ. ನಡುಮನೆ ಚೊಕ್ಕಟ. ಅಡುಗೆಮನೆಯಲ್ಲಿ ಒಂದು ಪಾತ್ರೆಯ ಮುಚ್ಚಳ ತೆಗೆದು ಮೂಸಿ, ತಿಳಿಸಾರೆಂದು ಗೊತ್ತಾಗಿ ತೃಪ್ತಿಪಟ್ಟರು. ಹಿತ್ತಲಲ್ಲಿ ಕಸ ಗುಡಿಸಿತ್ತು. "ಬಚ್ಚಲು ಪಾಚಿ ಕಟ್ಟಿಲ್ಲ ತಾನೆ?" ಎನ್ನುತ್ತ ಚಿಲಕ ಸರಿಸಿ ಬಾಗಿಲು ದೂಡಿದರು.

ಒಳಗಿನ ಕತ್ತಲೆಗೆ ಬಿಸಿಲು ಬಿತ್ತು. ಹೊಟ್ಟೆ ತುಂಬ ನೆನೆದ ಜೋಳ ತಿಂದು, ಬಾಗಿಲು ಮುಚ್ಚಿದ್ದರಿಂದ ರಾತ್ರಿಯಾಯಿತೆಂದು ಹಂಡೆಯ ಕಟ್ಟೆಯ ಮೇಲೆ ನಿದ್ದೆ ಮಾಡಿದ್ದ ಕೆಂಪ, ಬೆಳಗಾಯಿತೆಂದು ತಿಳಿದು ರೆಕ್ಕೆ ಬಡಿದ. ಕತ್ತು ನಿಗುರಿಸಿ ಗಂಟಲು ಬಿಚ್ಚಿ ಕೂಗಿದ. ಅವನ ರೆಕ್ಕೆಯಿಂದ ಕಳಚಿದ ಒಂದು ಪುಕ್ಕ ಗಾಳಿಯಲ್ಲಿ ತೇಲಿಬಂದು ಶಿವಗಂಗಮ್ಮನವರ ಪಾದದ ಮೇಲೆ ಕೂತಿತು.

"ಕೆಂಪಾ!" ಎಂದು ಲಕ್ಷ್ಮಕ್ಕ ಹಾರಿ ಹುಂಜವನ್ನು ತಬ್ಬಿಕೊಂಡಳು.

ಪಾಪಣ್ಣ ಬಗ್ಗಿ ನೆಲದಿಂದ ಎರಡು ಜೋಳದ ಕಾಳು ಹೆಕ್ಕಿದರು. "ಕಾಳು ಹಾಕಿ ಒಳಗೆ ಕರ್ದು, ಹೊರಗಿಂದ ಚಿಲಕ ಹಾಕ್ಯಾರೆ. ಪುರಾವೆ ಪಕ್ಕಾ."

"ಅದು ಪ್ರಯೋಗದ ಜೋಳ ಕಣ್ರೀ!" ಎಂದರು ಮೇಷ್ಟ್ರು. "ತುಂಬಿದ ಲೋಟಕ್ಕೆ ಒಂದೊಂದೇ ಕಾಳು ಹಾಕಿದ್ರೆ ನೀರು ಚೆಲ್ಲಲ್ಲ, ಅರವತ್ತಮೂರು ಕಾಳಿನ ತನಕ..."

ಆ ಮಾತು ಅವರ ಕಿವಿಗೇ ಹುಚ್ಚನ ಮಾತಿನಂತೆ ಕೇಳಿಸಿತು. ಅರ್ಧಕ್ಕೇ ನಿಲ್ಲಿಸಿದರು.

ಶಿವಗಂಗಮ್ಮ ಪಾದದ ಮೇಲಿನ ಪುಕ್ಕವನ್ನು ನೋಡಿದರು. ಆಮೇಲೆ ಅಂಗೈಯ ಡಬ್ಬಿಯನ್ನು ನೋಡಿದರು. ಕೆಂಪು ತುದಿ ಅವರ ಮನೆಯ ಕಡೆಗಿತ್ತು. ಕರಿ ತುದಿ ನೆಟ್ಟಗೆ ಬಚ್ಚಲಿಗೆ ಮುಖ ಮಾಡಿತ್ತು.

"ನಮ್ಮ ಯಜಮಾನ್ರ ಡಬ್ಬಿ ಸುಳ್ಳು ಹೇಳಂಗಿಲ್ಲ ಮೇಷ್ಟ್ರೇ" ಎಂದರು ಅವರು ತಣ್ಣಗೆ. "ಸೂಜಿಗೆ ಎರಡು ತುದಿ ಇರ್ತಾವೆ ಅನ್ನೋದನ್ನ ನಾವೇ ಮರ್ತಿದ್ವಿ. ಸಂಜೆಯೊಳಗೆ ಬೀಗದ ಕೈ ಕೊಟ್ಟುಬಿಡ್ರಿ." ಹೇಳಿ, ಪುಕ್ಕ ಕೊಡವಿ, ಸ್ನಾನಕ್ಕೆ ನೀರು ಕಾಯಿಸಲು ನಡೆದೇಬಿಟ್ಟರು.

ಜನ ಒಬ್ಬೊಬ್ಬರಾಗಿ ಕರಗಿದರು. ಪಾಪಣ್ಣ ಮಾತ್ರ ಹೋಗುವಾಗ, ತಮ್ಮ ಇನ್ನೊಂದು ಕೊಡೆಯೂ ಕಾಣುತ್ತಿಲ್ಲವೆಂದೂ, ಸೂಜಿಯನ್ನು ಮೇಷ್ಟ್ರು ಎಲ್ಲಿಗೆ ಹೋದರೂ ಜೋಪಾನವಾಗಿಟ್ಟುಕೊಳ್ಳಬೇಕೆಂದೂ ಹೇಳಿದರು. ಕೊನೆಗೆ ಉಳಿದವಳು ಲಕ್ಷ್ಮಕ್ಕ. ಕಂಕುಳಲ್ಲಿ ಕೆಂಪ, ಕಣ್ಣಲ್ಲಿ ಕೃತಜ್ಞತೆ. ಹುಂಜ ಮೇಷ್ಟ್ರ ಬಚ್ಚಲಿಗೆ ಹೇಗೆ ಬಂತೆಂಬುದು ಆಕೆಗೆ ಬೇಕಿರಲಿಲ್ಲ. ಮೇಷ್ಟ್ರ ಅಂಜನ ಅದನ್ನು ತೋರಿಸಿಕೊಟ್ಟಿತ್ತು, ಅಷ್ಟೇ ಸಾಕು.

"ಹನ್ನೊಂದು ತಿಂಗ್ಳು ಬಾಯಿ ಕಟ್ಟಿಕೊಂಡಿದ್ರಿ ಪಾಪ" ಎಂದಳು. "ಮಂಗಳವಾರ ಅಮ್ಮಗೆ ಒಪ್ಪಿಸಿದ ಮ್ಯಾಲೆ ಮೊದಲ್ನೇ ಬಟ್ಟಲು ಸಾರು ನಿಮಗೇ ಮೀಸಲು ಮೇಷ್ಟ್ರೇ. ಎಲ್ಲಿಗೆ ಕಳಿಸ್ಲಿ?"

ಬೈಲಪ್ಪ ಮೇಷ್ಟ್ರು ಒಳಗೆ ಹೋಗಿ ಟ್ರಂಕು ಎಳೆದರು. ದೂರದಲ್ಲಿ ಹಿಟ್ಟಿನ ಗಿರಣಿ ಕುಕ್ ಕುಕ್ ಕುಕ್ ಎಂದು ಶುರುವಾಯಿತು.